ಹಳೆಯ ಪಿಕಪ್‌ನ ಮರದ ತಳ ಬದಲಿಸುವವರಿಗೆ

ಹಲಗೆ ಕೀಳುವ ಮೊದಲೇ ಫೋಟೋ ತೆಗೆದು, ಪ್ರತಿ ಹಲಗೆಗೂ ಸಂಖ್ಯೆ ಬರೆದುಬಿಡಿ. ಎರಡೂ ಅಂಚಿನ ಹಲಗೆಗಳ ಅಗಲ ಸಾಮಾನ್ಯವಾಗಿ ನಡುವಿನವುಗಳಿಗಿಂತ ಬೇರೆ ಇರುತ್ತದೆ. ಕೊಳೆತಿದ್ದರೂ ಎಸೆಯಬೇಡಿ, ಹೊಸದಕ್ಕೆ ಅದೇ ಅಚ್ಚು. ತುಕ್ಕು ಹಿಡಿದ ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಬಿಡಿ. ಆದರೂ ನಟ್ ಬಿಚ್ಚದೆ ಬೋಲ್ಟ್ ಅದರ ಜೊತೆಗೇ ತಿರುಗುತ್ತಲೇ ಇದ್ದರೆ ನಟ್ ಕತ್ತರಿಸಬೇಕಾಗುತ್ತದೆ. ಕಿಡಿ ಹಾರುವ ಕೆಲಸವಾದ್ದರಿಂದ ಪೆಟ್ರೋಲ್ ಟ್ಯಾಂಕ್ ಎಲ್ಲಿದೆ ಎಂದು ಮೊದಲು ನೋಡಿಕೊಳ್ಳಿ.

ತಳ ತೆಗೆದಾಗಲೇ ಕೆಳಗಿನ ಅಡ್ಡತೊಲೆಗಳ ತುಕ್ಕು ಕೆರೆದು ಬಣ್ಣ ಹೊಡೆಯಿರಿ, ಆಮೇಲೆ ಕೈ ಹೋಗುವುದಿಲ್ಲ.

ಹೆಚ್ಚಿನವರು ಎಡವುವುದು ಮರದ ವಿಷಯದಲ್ಲೇ. ಓಕ್, ಪೈನ್ ಯಾವುದಾದರೂ ಸರಿ, ಚೆನ್ನಾಗಿ ಒಣಗಿರಬೇಕು. ತೇವಾಂಶ ಸುಮಾರು 12%ಕ್ಕಿಂತ ಕಡಿಮೆ ಇರಲಿ. ಹಸಿ ಮರ ಜೋಡಿಸಿದ ಮೇಲೆ ಕುಗ್ಗಿ, ಸಂದಿಯ ಮೇಲೆ ಕೂತು ಹಲಗೆಗಳ ಅಂಚು ಹಿಡಿದಿಡುವ ಉಕ್ಕಿನ ಪಟ್ಟಿಯಿಂದ ಜಾರುತ್ತದೆ. ಮಳೆಗೆ ಅದೇ ಮರ ಉಬ್ಬುತ್ತದೆ. ಅದಕ್ಕೇ ಹಲಗೆಗಳನ್ನು ಒತ್ತಿ ಕೂರಿಸಬಾರದು. ಪಟ್ಟಿಯ ಬೋಲ್ಟ್ ಇಳಿಯುವುದು ಹಲಗೆಗಳ ನಡುವಿನ ಸಂದಿಯಲ್ಲಿ, ಆ ಸಂದಿ ಉಳಿಯಲೇಬೇಕು. ಓಕ್‌ಗೆ ಬರಿಯ ಕಬ್ಬಿಣದ ಬೋಲ್ಟ್ ಹಾಕಿದರೆ ಸುತ್ತಲೂ ಕಪ್ಪು ಕಲೆ ಬೀಳುತ್ತದೆ, ಸ್ಟೇನ್‌ಲೆಸ್ ವಾಸಿ.

ತೂತು ಕೊರೆದ ನಂತರ ಹಲಗೆಯ ಆರೂ ಮುಖಕ್ಕೆ ಹೊರಾಂಗಣ ವಾರ್ನಿಷ್ ಬಳಿಯಿರಿ. ಕೊಯ್ದ ತುದಿ ಮತ್ತು ತೂತಿನ ಒಳಭಾಗಕ್ಕೆ ಇನ್ನೊಂದು ಕೋಟ್ ಹೆಚ್ಚೇ ಇರಲಿ. ನೀರು ಹೀರುವುದು, ಕೊಳೆ ಶುರುವಾಗುವುದು ಅಲ್ಲೇ.

ಎಲ್ಲ ಬೋಲ್ಟ್‌ಗಳನ್ನೂ ಸಡಿಲವಾಗಿ ಹಾಕಿ, ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆದು ಸಮ ಬಂದ ಮೇಲೆ, ನಡುವಿನಿಂದ ಹೊರಕ್ಕೆ ಬಿಗಿಯುತ್ತಾ ಬನ್ನಿ. ಕೆಲವು ವಾರ ಓಡಿಸಿ ಮತ್ತೊಮ್ಮೆ ಬಿಗಿ ನೋಡಿ.