ಕ್ರಾಸ್‌ಓವರ್ ಎಲ್ಲಿಗೆ ಇಡಬೇಕು?

ದಪ್ಪ ಶಬ್ದಕ್ಕೆ ಆರೂವರೆ ಇಂಚಿನ ವೂಫರ್, ತೆಳು ಶಬ್ದಕ್ಕೆ ಒಂದಿಂಚಿನ ಡೋಮ್ ಟ್ವೀಟರ್ ತಂದು ಮನೆಯಲ್ಲೇ ಸ್ಪೀಕರ್ ಕಟ್ಟುವವರು ಪೆಟ್ಟಿಗೆಗೆ ವಾರಗಟ್ಟಲೆ ಬೆವರು ಸುರಿಸುತ್ತಾರೆ. ಯಾವ ಆವರ್ತನದವರೆಗೆ ವೂಫರ್, ಎಲ್ಲಿಂದ ಟ್ವೀಟರ್ ಎಂದು ಶಬ್ದ ಹಂಚುವ ಕ್ರಾಸ್‌ಓವರ್ ಮಾತ್ರ ಅಂಗಡಿಯ ರೆಡಿಮೇಡ್ ಬೋರ್ಡು. ಕೆಡುವುದು ಅಲ್ಲೇ. ‘3500 ಹರ್ಟ್ಸ್, 8 ಓಮ್’ ಎಂದು ಅಚ್ಚಾದ ಬೋರ್ಡಿಗೆ ನಿಮ್ಮ ಡ್ರೈವರ್ (ವೂಫರ್, ಟ್ವೀಟರ್) ಯಾವುದೆಂದು ಏನು ಗೊತ್ತು?

1. ಪೆಟ್ಟಿಗೆಗೆ 18 ಮಿ.ಮೀ. ಪ್ಲೈವುಡ್ ಸಾಕು. ಎರಡೂ ಡ್ರೈವರ್‌ಗಳನ್ನು ಆದಷ್ಟು ಹತ್ತಿರ ಕೂರಿಸಿ.

2. ಈಗ ವೂಫರಿನ ಕೋನ್ ಅಳೆಯಿರಿ. ರಬ್ಬರ್ ಅಂಚಿನ ನಡುವಿನಿಂದ ನಡುವಿಗೆ ಸುಮಾರು 13 ಸೆಂ.ಮೀ. ಇರುತ್ತದೆ. ಶಬ್ದದ ವೇಗ ಸೆಕೆಂಡಿಗೆ 344 ಮೀಟರ್, 0.13ರಿಂದ ಭಾಗಿಸಿದರೆ ಸುಮಾರು 2650 ಹರ್ಟ್ಸ್. ಅದರಿಂದ ಮೇಲೆ ವೂಫರ್ ಟಾರ್ಚಿನಂತೆ ಮುಂದಕ್ಕಷ್ಟೇ ಶಬ್ದ ಚೆಲ್ಲುತ್ತದೆ. 3500ಕ್ಕೆ ಟ್ವೀಟರಿಗೆ ಒಪ್ಪಿಸಿದಿರೋ, ಮುದುಡಿದ್ದ ಶಬ್ದ ಅಲ್ಲಿ ಇದ್ದಕ್ಕಿದ್ದಂತೆ ಎಲ್ಲ ದಿಕ್ಕಿಗೂ ಹರಡುತ್ತದೆ. ಎದುರಿಗೆ ಅಳೆದ ಗ್ರಾಫ್ ನೆಟ್ಟಗೇ ಇರುತ್ತದೆ. ಗೋಡೆಗೆ ಬಡಿದು ಬರುವ ಶಬ್ದ ಮಾತ್ರ ಕರ್ಕಶ. ಈಕ್ವಲೈಸರ್ ತಿರುಗಿಸಿ ಪ್ರಯೋಜನವಿಲ್ಲ, ಅದು ನೇರ ಶಬ್ದವನ್ನೂ ತಗ್ಗಿಸುತ್ತದೆ.

ಹಾಗೆಂದು 1200ಕ್ಕೆ ಇಳಿಸಬೇಡಿ. ಅಷ್ಟೇ ಜೋರಿಗೆ ಒಂದು ಆಕ್ಟೇವ್ (ಅಂದರೆ ಅರ್ಧ ಆವರ್ತನಕ್ಕೆ) ಕೆಳಗಿಳಿದರೆ ಡೋಮ್ ನಾಲ್ಕು ಪಟ್ಟು ಹಿಂದೆಮುಂದೆ ಓಡಬೇಕು. ಡಿಸ್ಟಾರ್ಷನ್ ಹುಟ್ಟುವುದೇ ಅಲ್ಲಿಂದ. ಟ್ವೀಟರಿನ ಅನುರಣನ ಆವರ್ತನದ (ಡೋಮ್ ತಾನಾಗಿಯೇ ಕಂಪಿಸಲು ಒಲಿಯುವ ಆವರ್ತನ) ಎರಡು ಪಟ್ಟಿಗಿಂತ ಕೆಳಗೆ ಹೋಗಲೇಬಾರದು: 900 ಇದ್ದರೆ 1800. ಅದೂ ಕ್ರಾಸ್‌ಓವರಿನ ಕೆಳಗೆ ಟ್ವೀಟರಿನ ಶಬ್ದ ಆಕ್ಟೇವಿಗೆ 24 ಡೆಸಿಬಲ್ ತಗ್ಗುವ ಇಳಿಜಾರಿನಲ್ಲಿ. ಒಂದೇ ಕೆಪ್ಯಾಸಿಟರ್ ಹಾಕಿ ಮುಗಿಸುವ ಚಟ ಬಿಡಿ. ಈ ಜೋಡಿಗೆ 2000 ಸರಿ. ಟ್ವೀಟರಿನ ಅನುರಣನವೇ 1500 ಇದ್ದರೆ ಅದು ಈ ವೂಫರಿಗೆ ಹೊಂದುವುದಿಲ್ಲ. ಡೇಟಾಶೀಟ್ ಇಲ್ಲದ್ದನ್ನಂತೂ ಕೊಳ್ಳಲೇಬೇಡಿ. ಕಾಸಿದ್ದರೆ ವೇವ್‌ಗೈಡ್ (ಡೋಮ್ ಸುತ್ತ ಕಹಳೆಯಂಥ ಬಾಯಿ) ಇರುವ ಟ್ವೀಟರ್ ತನ್ನಿ: ಕೆಳಗಿನ ಆವರ್ತನಗಳ ಹರಡುವಿಕೆ ವೂಫರಿಗೆ ಹೊಂದುತ್ತದೆ, ಅಲ್ಲೇ ಜೋರೂ ಹೆಚ್ಚುವುದರಿಂದ ಡೋಮ್ ಕಡಿಮೆ ದುಡಿಯುತ್ತದೆ.

3. ಸ್ಪೀಕರನ್ನೂ ಮೈಕನ್ನೂ ನೆಲದಿಂದ 1.2 ಮೀಟರ್ ಎತ್ತರದಲ್ಲಿ, 1 ಮೀಟರ್ ಅಂತರದಲ್ಲಿಡಿ. ಸ್ಪೀಕರ್ ತಿರುಗಿಸುತ್ತಾ 0, 15, 30, 45, 60 ಡಿಗ್ರಿಯಲ್ಲಿ ಅಳೆಯಿರಿ. ನೆಲದ ಪ್ರತಿಧ್ವನಿ ನೇರ ಶಬ್ದದ ನಂತರ ಸುಮಾರು ನಾಲ್ಕೂವರೆ ಮಿಲಿಸೆಕೆಂಡಿಗೆ ಬರುತ್ತದೆ. ಅಳತೆಯನ್ನು ನಾಲ್ಕಕ್ಕೇ ಕತ್ತರಿಸಿ, 250 ಹರ್ಟ್ಸ್‌ಗಿಂತ ಕೆಳಗಿನದನ್ನು ನಂಬಬೇಡಿ. ಗೆರೆಗಳು ಒಂದರ ಕೆಳಗೊಂದು ಒಪ್ಪವಾಗಿ ಇಳಿಯಬೇಕು. 60 ಡಿಗ್ರಿಯ ಗೆರೆ 3000ದ ಆಸುಪಾಸು ಗೂನು ಬಿದ್ದರೆ ಎರಡನೇ ಹೆಜ್ಜೆಗೆ ವಾಪಸ್.

4. ಟ್ವೀಟರಿನ ಎರಡು ವೈರ್ ಅದಲುಬದಲು ಮಾಡಿ ಎದುರಿನಿಂದ ಮತ್ತೆ ಅಳೆಯಿರಿ. 2000ದಲ್ಲಿ 20 ಡೆಸಿಬಲ್‌ಗೂ ಆಳದ ಗುಂಡಿ ಬಿದ್ದರೆ ಫೇಸ್ ಕೂಡಿದೆ, ಅಂದರೆ ಸರಿಯಾದ ವೈರಿನಲ್ಲಿ ಎರಡೂ ಡ್ರೈವರ್ ಒಟ್ಟಿಗೇ ಹಿಂದೆಮುಂದೆ ಆಡುತ್ತಿವೆ. ವೈರ್ ಮೊದಲಿನಂತೆ ಹಾಕಲು ಮರೆಯುವವರೇ ಹೆಚ್ಚು.

5. ಬೆಸುಗೆ ಹಾಕುವಾಗ ಕ್ರಾಸ್‌ಓವರಿನ ಕಾಯಿಲ್‌ಗಳನ್ನು ದೂರ ದೂರ, ಒಂದಕ್ಕೊಂದು ಅಡ್ಡವಾಗಿ ಕೂರಿಸಿ.