ಎಲ್‌ಸಿಎಸ್ ಕಿಟಕಿಗಳಿಗಾಗಿ ಯುನಿಟ್-ಮೋಂಜ್ ಮ್ಯಾಟ್ರಿಕ್ಸ್ ಗುಣಿಸುವುದು ಹೇಗೆ

ಒಂದು ಪದವನ್ನು ಉದ್ದದ ಪಠ್ಯದ ಪ್ರತಿ ತುಂಡಿನ (ಕಿಟಕಿಯ) ಜೊತೆಗೂ ಹೋಲಿಸಿ, ಎರಡರಲ್ಲೂ ಅದೇ ಕ್ರಮದಲ್ಲಿ (ನಡುವೆ ಅಂತರವಿದ್ದರೂ ಸರಿ) ಬರುವ ಅತಿ ಉದ್ದದ ಅಕ್ಷರಸರಣಿಯ ಉದ್ದ, ಅಂದರೆ ಎಲ್‌ಸಿಎಸ್ ಬೇಕೆಂದರೆ, ತುಂಡಿಗೊಂದರಂತೆ ಕೋಷ್ಟಕ ತುಂಬಬೇಡಿ. ಎಲ್ಲ ಉತ್ತರಗಳೂ ಒಂದೇ ಕ್ರಮಪಲ್ಲಟದಲ್ಲಿ (ಸಂಖ್ಯೆಗಳ ಸ್ಥಾನ ಬದಲಿಸಿದ ಪಟ್ಟಿಯಲ್ಲಿ) ಅಡಗುತ್ತವೆ.

ಪದದ ಉದ್ದ ಎಂ, ಪಠ್ಯದ ಉದ್ದ ಎನ್ ಇರಲಿ. ಪದದ ಅಕ್ಷರಕ್ಕೊಂದು ಸಾಲು, ಪಠ್ಯದ ಅಕ್ಷರಕ್ಕೊಂದು ಕಾಲಂ ಇರುವ ಚೌಕಳಿಯನ್ನು ನೇಯ್ಗೆಯೆಂದುಕೊಳ್ಳಿ: ಎಡ ಅಂಚಿನಿಂದ ಎಂ ಹೊಕ್ಕಿನ ಎಳೆಗಳು, ಮೇಲಂಚಿನಿಂದ ಎನ್ ಹಾಸಿನ ಎಳೆಗಳು. ಎಡ ಅಂಚನ್ನು ಕೆಳಗಿನಿಂದ ಮೇಲಕ್ಕೆ 0ಯಿಂದ ಎಣಿಸುತ್ತ, ಹಾಗೆಯೇ ಮೇಲಂಚಿನಲ್ಲಿ ಬಲಕ್ಕೆ ಮುಂದುವರಿಸಿ. ಪ್ರತಿ ಮನೆಯಲ್ಲೂ ಒಂದೇ ನಿಯಮ: ಅಕ್ಷರಗಳು ಹೊಂದಿದರೆ, ಅಥವಾ ಎಡದಿಂದ ಬಂದ ಎಳೆಯ ಸಂಖ್ಯೆ ಮೇಲಿನಿಂದ ಬಂದದ್ದಕ್ಕಿಂತ ದೊಡ್ಡದಿದ್ದರೆ, ಎರಡನ್ನೂ ಅದಲುಬದಲು ಮಾಡಿ: ಎಡದ್ದು ಕೆಳಕ್ಕೆ, ಮೇಲಿನದು ಬಲಕ್ಕೆ ತಿರುಗಲಿ. ಇಲ್ಲದಿದ್ದರೆ ನೇರ ದಾಟಲಿ. ಒಮ್ಮೆ ದಾಟಿದ ಜೋಡಿ ಮತ್ತೆ ದಾಟಬಾರದು ಎಂಬುದೇ ಇದರ ಜೀವಾಳ.

‘ಮಲ’ವನ್ನು ‘ಕಮಲ’ದ ಜೊತೆ ಹೋಲಿಸಿ ನೋಡಿ. ಮೇಲೆ 2, 3, 4. ಮೊದಲ ಸಾಲಿಗೆ 1 ಹೊಕ್ಕು, ತಳದಲ್ಲಿ 2, 1, 4 ಉಳಿಯುತ್ತದೆ. ಎರಡನೆಯದಕ್ಕೆ 0 ಹೊಕ್ಕು, ತಳ 2, 1, 0 ಆಗುತ್ತದೆ. ತುಂಡಿನ ಉದ್ದದಿಂದ, ಆ ತುಂಡಿನ ಮೇಲಂಚಿನಲ್ಲೋ ಅದರ ಬಲಕ್ಕೋ ಹುಟ್ಟಿ ತುಂಡಿನ ಬಲ ಅಂಚಿಗೆ ಮೊದಲೇ ತಳ ಸೇರಿದ ಎಳೆಗಳ ಸಂಖ್ಯೆಯನ್ನು ಕಳೆಯಿರಿ. ಇಡೀ ‘ಕಮಲ’ಕ್ಕೆ ಅಂಥದ್ದು 2 ಎಂಬ ಒಂದೇ ಎಳೆ: 3ರಲ್ಲಿ 1 ಕಳೆದರೆ 2. ‘ಕಮ’ಕ್ಕೂ ಅದೊಂದೇ, ಉತ್ತರ 1.

ಪದ ಉದ್ದವಾದಾಗ ಭಾಗ ಮಾಡಿ ಬೇರೆ ಬೇರೆ ಕೋರ್‌ಗಳಲ್ಲಿ ನೇಯ್ದು, ಆಮೇಲೆ ಗುಣಿಸಿ ಜೋಡಿಸಬೇಕು. ಕ್ರಮಪಲ್ಲಟವನ್ನು ಎಳೆಗೊಂದು ಚುಕ್ಕಿಯಿರುವ ಮ್ಯಾಟ್ರಿಕ್ಸ್ ಎಂದು ನೋಡಿ: ಸಾಲು ಎಳೆ ಹುಟ್ಟಿದ ಸ್ಥಾನ, ಕಾಲಂ ಅದು ಸೇರಿದ ಸ್ಥಾನ. ಪ್ರತಿ ಮೂಲೆಯ ಕೆಳಗೆ-ಎಡಕ್ಕಿರುವ ಚುಕ್ಕಿಗಳನ್ನು ಎಣಿಸಿ ಬರೆದದ್ದೇ ಯುನಿಟ್-ಮೋಂಜ್ ಮ್ಯಾಟ್ರಿಕ್ಸ್. ಅವುಗಳನ್ನು ಗುಣಿಸುವುದು ಮಿನ್-ಪ್ಲಸ್ ಗುಣಾಕಾರ: ಕೂಡಿ, ಕನಿಷ್ಠ ಆರಿಸುವುದು. ಪಕ್ಕಾ ಸರಳ ದಾರಿಗೆ ಎನ್ ಘನ ಹೆಜ್ಜೆ ಬೇಕು (ಇಲ್ಲಿಂದ ಎನ್ ಎಂದರೆ ಮ್ಯಾಟ್ರಿಕ್ಸಿನ ಗಾತ್ರ). ಮೋಂಜ್ ಗುಣವಿದ್ದರೆ (ಅಕ್ಕಪಕ್ಕದ ಯಾವ ನಾಲ್ಕು ಸಂಖ್ಯೆಗಳಲ್ಲೂ ಒಂದು ಕರ್ಣದ ಮೊತ್ತ ಇನ್ನೊಂದರದ್ದನ್ನು ಮೀರದಿದ್ದರೆ) 1987ರ ಸ್ಮಾಕ್ ಅಲ್ಗಾರಿದಂ ಅದನ್ನು ಎನ್ ವರ್ಗಕ್ಕೆ ಇಳಿಸುತ್ತದೆ. 2010ರಲ್ಲಿ ಅಲೆಕ್ಸಾಂಡರ್ ಟಿಸ್ಕಿನ್ ಯುನಿಟ್-ಮೋಂಜ್‌ಗೆ ಎನ್ ಲಾಗ್ ಎನ್ ಸಾಕೆಂದು ತೋರಿಸಿದರು. ಮ್ಯಾಟ್ರಿಕ್ಸನ್ನು ಬಿಡಿಸಿ ಬರೆದರೆ ಎನ್ ವರ್ಗ ಅಲ್ಲೇ ಖರ್ಚಾಗುತ್ತದೆ, ಹಾಗಾಗಿ ಕೊನೆತನಕ ಕ್ರಮಪಲ್ಲಟವನ್ನಷ್ಟೇ ಇಟ್ಟುಕೊಳ್ಳಿ.

ಮೊದಲು ಗಾತ್ರ ಸರಿಹೊಂದಿಸಿ: ಮೇಲಿನ ಭಾಗದ ಕ್ರಮಪಲ್ಲಟದ ಮುಂದೆ ಕೆಳಗಿನ ಭಾಗದ ಉದ್ದದಷ್ಟು ಐಡೆಂಟಿಟಿ (ಏನನ್ನೂ ಕದಲಿಸದ ಕ್ರಮಪಲ್ಲಟ), ಕೆಳಗಿನದರ ಕೊನೆಗೆ ಮೇಲಿನ ಭಾಗದ ಉದ್ದದಷ್ಟು. ಇದು ತಿರುವುಮುರುವಾದರೂ ಪ್ರೋಗ್ರಾಂ ಓಡುತ್ತದೆ, ಉತ್ತರ ಮಾತ್ರ ತಪ್ಪು. ಹುಡುಕುವುದು ಬಹಳ ಕಷ್ಟ.

ಈಗ ಎಡ (ಮೇಲಿನ ಭಾಗದ) ಚುಕ್ಕಿ ಮ್ಯಾಟ್ರಿಕ್ಸಿನ ಕಾಲಂಗಳನ್ನೂ ಬಲದ್ದರ (ಕೆಳಗಿನ ಭಾಗದ್ದರ) ಸಾಲುಗಳನ್ನೂ ಮಧ್ಯಕ್ಕೆ ಸೀಳಿ. ಖಾಲಿ ಸಾಲು ಮತ್ತು ಕಾಲಂ ತೆಗೆದು ಎರಡು ಅರ್ಧಗಳನ್ನೂ ರಿಕರ್ಷನ್‌ನಿಂದ ಗುಣಿಸಿ, ಮೂಲ ಸ್ಥಾನಗಳಿಗೆ ಮರಳಿಸಿ. ಮೊದಲರ್ಧದ ಫಲದ ಚುಕ್ಕಿಗಳು ಕೆಂಪು, ಎರಡನೆಯದರವು ನೀಲಿ ಎನ್ನೋಣ. ಪ್ರತಿ ಮೂಲೆಗೂ ಡೆಲ್ಟಾ: ಅದರ ಮೇಲೆ-ಎಡಕ್ಕಿರುವ ನೀಲಿಗಳಿಂದ, ಕೆಳಗೆ-ಬಲಕ್ಕಿರುವ ಕೆಂಪುಗಳನ್ನು ಕಳೆದ ಸಂಖ್ಯೆ. ಇದು ಕೆಳಕ್ಕೋ ಬಲಕ್ಕೋ ಹೋದಂತೆ ಇಳಿಯುವುದೇ ಇಲ್ಲ, ಪ್ರತಿ ಹೆಜ್ಜೆಗೂ ಹೆಚ್ಚೆಂದರೆ 1 ಏರುತ್ತದೆ. ಆದ್ದರಿಂದ ಕೆಳ-ಎಡ ಮೂಲೆಯಿಂದ ಮೇಲಿನ-ಬಲ ಮೂಲೆಗೆ, ಸೊನ್ನೆಯ ಗಡಿ ಹಿಡಿದು 2ಎನ್ ಹೆಜ್ಜೆಯಲ್ಲಿ ಮೆಟ್ಟಿಲೇರಬಹುದು.

ಮನೆಯ ಕೆಳ-ಬಲ ಮೂಲೆಯ ಡೆಲ್ಟಾ ಸೊನ್ನೆ ಅಥವಾ ಕಡಿಮೆಯಿದ್ದರೆ ಅಲ್ಲಿನ ಕೆಂಪು ಉಳಿಯಲಿ. ಮೇಲಿನ-ಎಡ ಮೂಲೆಯದು ಸೊನ್ನೆ ಅಥವಾ ಹೆಚ್ಚಿದ್ದರೆ ನೀಲಿ ಉಳಿಯಲಿ. ಮೇಲಿನ-ಎಡದ್ದು ಸೊನ್ನೆಗಿಂತ ಕಡಿಮೆ, ಕೆಳ-ಬಲದ್ದು ಹೆಚ್ಚು ಇರುವಲ್ಲಿ ಹೊಸ ಚುಕ್ಕಿ ಇಡಿ. ಉಳಿದ ಚುಕ್ಕಿಗಳೆಲ್ಲ ಅಳಿಯುತ್ತವೆ. ‘ಅಥವಾ ಸಮ’ ಎಂಬುದನ್ನು ಒಂದು ಕಡೆ ಮರೆತರೂ ಚುಕ್ಕಿ ಕಳೆದು, ಫಲ ಕ್ರಮಪಲ್ಲಟವಾಗಿ ಉಳಿಯುವುದಿಲ್ಲ.

ಪರೀಕ್ಷೆಗೆ 6ರ ಗಾತ್ರ ಸಾಕು: 720 ಕ್ರಮಪಲ್ಲಟಗಳ 5,18,400 ಜೋಡಿಗಳನ್ನೂ ಎನ್ ಘನದ ಗುಣಾಕಾರದ ಜೊತೆ ತಾಳೆ ನೋಡಿ. ಪಕ್ಕದ ಎರಡನ್ನು ಅದಲಿಸುವ ಕ್ರಮಪಲ್ಲಟವನ್ನು ಅದರಿಂದಲೇ ಗುಣಿಸಿದರೆ ಅದೇ ಬರಬೇಕು. ಐಡೆಂಟಿಟಿ ಬಂದರೆ ನೀವು ಬರೆದದ್ದು ಮಾಮೂಲಿ ಕ್ರಮಪಲ್ಲಟ ಗುಣಾಕಾರ.

ಮೆಮೊರಿಯನ್ನು ಪ್ರತಿ ರಿಕರ್ಷನ್‌ನಲ್ಲಿ ಕೇಳದೆ ಒಮ್ಮೆಲೇ ತೆಗೆದಿಡಿ. ಎಂ ಮತ್ತು ಎನ್ ಸೇರಿ 65,536 ಮೀರದಿದ್ದರೆ 16 ಬಿಟ್ ಸೂಚಿಗಳು ಸಾಕು.

ಕನ್ನಡ ಪಠ್ಯಕ್ಕೆ ಇನ್ನೊಂದು ಎಚ್ಚರ. ‘ಮೈಸೂರು’ ಕಣ್ಣಿಗೆ 3 ಅಕ್ಷರ, ಯೂನಿಕೋಡ್‌ನಲ್ಲಿ 6 ಸಂಕೇತ. ಒತ್ವವನ್ನು ಒಂದೇ ಸಂಕೇತವಾಗಿಯೂ ಎತ್ವ-ಊತ್ವಗಳ ಜೋಡಿಯಾಗಿಯೂ ಬರೆಯಬಹುದು. ಇಂಥವನ್ನು ಒಂದೇ ರೂಪಕ್ಕೆ ತರುವ ಯೂನಿಕೋಡ್ ನಿಯಮವಾದ ಎನ್‌ಎಫ್‌ಸಿಗೆ ತಂದು, ಅಕ್ಷರಗಳಾಗಿ ಒಡೆದು, ಪ್ರತಿ ಅಕ್ಷರಕ್ಕೂ ಒಂದು ಪೂರ್ಣಾಂಕ ಕೊಟ್ಟ ಮೇಲೆಯೇ ನೇಯ್ಗೆಗೆ ಕೂರಿ.