ಟೈಪ್ ಮಾಡುವಾಗ ಕರ್ಸರ್ ಕಾಣಿಸದಿದ್ದರೆ

ಹೊಸ ಲ್ಯಾಪ್‌ಟಾಪ್‌ನ ವರ್ಡ್ ಪ್ರೊಸೆಸರ್‌ನಲ್ಲಿ ಕನ್ನಡ ಟೈಪ್ ಮಾಡುವಾಗ ಕರ್ಸರ್ ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ. ಅಕ್ಷರಗಳು ಮೂಡುತ್ತಿದ್ದವು, ಆದರೆ ಕೂದಲೆಳೆಯಂಥ ಆ ಗೆರೆ ಒತ್ತಕ್ಷರಗಳ ನಡುವೆ ಕರಗಿಹೋಗುತ್ತಿತ್ತು. ‘ರಾಷ್ಟ್ರ’ದಂಥ ಪದ ತಿದ್ದುವಾಗಂತೂ ಕಣ್ಣುರಿ. ಪರದೆಯ ರೆಸಲ್ಯೂಷನ್ ಹೆಚ್ಚಿದಷ್ಟೂ ಗೆರೆ ತೆಳುವಾಗಿ ಕಾಣುತ್ತದೆ. ಜೂಮ್ ಮಾಡಿದರೆ ಎತ್ತರವಾಗುತ್ತದೆಯೇ ಹೊರತು ದಪ್ಪವಾಗುವುದಿಲ್ಲ. ಮೌಸ್ ಪಾಯಿಂಟರ್ ದೊಡ್ಡದು ಮಾಡಿಯೂ ಪ್ರಯೋಜನವಿಲ್ಲ, ಅದೇ ಬೇರೆ, ಇದೇ ಬೇರೆ.

ಪರಿಹಾರ ಸಿಕ್ಕಿದ್ದು ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ: ಆಕ್ಸೆಸಿಬಿಲಿಟಿ, ಅದರೊಳಗೆ ಟೆಕ್ಸ್ಟ್ ಕರ್ಸರ್. ಅಲ್ಲಿ ಥಿಕ್‌ನೆಸ್ ಸ್ಲೈಡರನ್ನು 1ರಿಂದ 4ಕ್ಕೆ ಎಳೆದೆ. ಎಷ್ಟು ಹಾಯೆನಿಸಿತು! ತೀರಾ ದಪ್ಪ ಮಾಡಬೇಡಿ, ಪಕ್ಕದ ಅಕ್ಷರವನ್ನೇ ಮುಚ್ಚುತ್ತದೆ. ಇಂಡಿಕೇಟರ್ ಆನ್ ಮಾಡಿದರೆ ಗೆರೆಯ ಮೇಲೂ ಕೆಳಗೂ ಬಣ್ಣದ ಗುರುತು ಬರುತ್ತದೆ. ಕರ್ಸರ್ ಮಿನುಗದಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಕೀಬೋರ್ಡ್ ವಿಭಾಗದಲ್ಲಿ ಬ್ಲಿಂಕ್ ರೇಟ್ ನೋಡಿ.